ಬೀಗರು ‘ಕಂಪು’ ಅಂದ ದಿನ

ಕೋಳಿಗೆ ಮಸಾಲೆ ಹಚ್ಚಿ ನೆನೆಯಲು ಇಡುವುದರಲ್ಲಿ ಆದೋನಿಯ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ಇದ್ದ ಮಾತು ಹೇಳಲು ನನಗೇನು ನಾಚಿಕೆ? ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ, ಯಾರನ್ನೂ ಹೊಗಳದ ಆ ಮಹಾತಾಯಿ, ನಾನು ಮಾಡಿದ ಸಾರನ್ನು ಎರಡನೇ ಸಲ ಹಾಕಿಸಿಕೊಂಡು ಉಂಡು, ಏನೂ ಮಾತಾಡದೆ ಎದ್ದು ಹೋಗಿದ್ದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಾಗಿರಲಿಲ್ಲ. ಪಕ್ಕದ ಮನೆಯಾಕೆ ಈಗಲೂ ಭಾನುವಾರ ಬಟ್ಟಲು ಹಿಡಿದುಕೊಂಡು ಬಂದು, “ಅಕ್ಕಾ, ಇದಕ್ಕ ಏನ ಕಡಿಮಿ ಆಗೈತಿ, ನೀನ ನೋಡಿ ಹೇಳು” ಅನ್ನುತ್ತಾಳೆ.

ಆದರೆ ನನಗೆ ಮೂಗಿಲ್ಲ. ಮುಖದ ಮೇಲೆ ಇದೆ, ಮೂಗುತಿಯೂ ಇದೆ, ವಾಸನೆ ಮಾತ್ರ ತಿಳಿಯುವುದಿಲ್ಲ. ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದ ಆ ಕಾಲದಲ್ಲಿ ನನಗೂ ಜ್ವರ ಬಂದಿತ್ತು. ಹದಿನೈದು ದಿನಕ್ಕೆ ಜ್ವರ ಇಳಿಯಿತು. ಮೈಯಲ್ಲಿ ಸ್ವಲ್ಪ ಶಕ್ತಿ ಬಂದ ದಿನ ಎದ್ದು ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದೆ. ಸದ್ದು ಬಂತು, ಬೇರೆ ಏನೂ ಬರಲಿಲ್ಲ. ಬಾಣಲೆಯ ಮೇಲೆ ಮುಖ ಬಗ್ಗಿಸಿ ನಿಂತೆ. ಬಿಸಿ ತಾಗಿತೇ ಹೊರತು ಬೆಳ್ಳುಳ್ಳಿ ಎಲ್ಲಿಯೋ ಹೋಗಿಬಿಟ್ಟಿತ್ತು. ನಾಳೆ ಬರಬಹುದು, ಬರುವ ತಿಂಗಳು ಬರಬಹುದು ಅಂತ ಕಾದೆ. ಉಪ್ಪು, ಹುಳಿ, ಸಿಹಿ, ಖಾರದ ಉರಿ, ಇಷ್ಟು ನಾಲಿಗೆಯ ಮೇಲೆ ಉಳಿದವು. ಉಳಿದದ್ದೆಲ್ಲ ಹೋಯಿತು.

ಯಾರಿಗೂ ಹೇಳಲಿಲ್ಲ. ಆಗ ಮಗಳಿಗೆ ಗಂಡು ನೋಡುತ್ತಿದ್ದೆವು. ‘ಆ ಮನ್ಯಾಗ ರೋಗ ಇನ್ನೂ ಉಳದೈತಂತ’ ಅಂತ ಒಬ್ಬರು ಬಾಯಿ ಬಿಟ್ಟರೆ ಸಾಕಿತ್ತು, ಬಂದ ಸಂಬಂಧ ಬಾಗಿಲಿನಿಂದಲೇ ತಿರುಗಿ ಹೋಗುತ್ತಿತ್ತು. ಮದುವೆ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ. ಮದುವೆ ಮುಗಿದ ಮೇಲೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತಾರಲ್ಲ ಅಂತ ಹೆದರಿದೆ. ಹೀಗೆ ಹೆದರುತ್ತ ಹೆದರುತ್ತ ವರ್ಷಗಳು ಕಳೆದವು. ಸುಳ್ಳಿಗೂ ವಯಸ್ಸಾಗುತ್ತದೆ, ಆದರೆ ಸಾಯುವುದಿಲ್ಲ ನೋಡಿ.

ನಮ್ಮ ಮನೆಯವರಿಗಾದರೂ ಗೊತ್ತಾಗಲಿಲ್ಲವೇ ಅಂತ ಕೇಳಬೇಡಿ. ಅವರದ್ದು ನಶ್ಯದ ಚಟ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಥಾನು ಬಿಚ್ಚಿ ಸುತ್ತುವ ಕೆಲಸ, ಗಿರಾಕಿ ಎದ್ದು ಹೋದಾಗೊಮ್ಮೆ ಚಿಟಿಕೆ ನಶ್ಯ. ಮೂವತ್ತು ವರ್ಷ ಹಾಗೆ ಮಾಡಿದ ಮೂಗು ಮುಂದೆ ಹೆಣ ಇಟ್ಟರೂ ಏನೂ ಹೇಳುವುದಿಲ್ಲ. ಹಾಗಾಗಿ ನನ್ನ ಮನೆಯಲ್ಲಿ ಎರಡು ಮೂಗು ಇದ್ದೂ ಒಂದೂ ಇರಲಿಲ್ಲ. ನಾನು ಪಕ್ಕದ ಮನೆಯಾಕೆಯ ಮೂಗನ್ನು ಅವಳಿಗೇ ಗೊತ್ತಾಗದಂತೆ ಬಳಸುತ್ತಿದ್ದೆ. ಮಸಾಲೆ ಹುರಿಯುವಾಗ ಗೋಡೆಯ ಮೇಲಿಂದ ಕೂಗಿ, “ಬಾರವ್ವಾ ಇಲ್ಲಿ, ಹೆಂಗ ಘಮ್ಮಂತೈತಿ ನೋಡು” ಅಂತ ಜಂಬ ಕೊಚ್ಚಿಕೊಳ್ಳುವವಳ ಹಾಗೆ ಕರೆಯುತ್ತಿದ್ದೆ. ಬಂದವಳು “ಯವ್ವಾ, ಓಣಿ ತುಂಬಾ ಐತಲ್ಲ ಘಮ” ಅಂದರೆ ಒಲೆ ಸಣ್ಣ ಮಾಡುತ್ತಿದ್ದೆ. “ಅಕ್ಕಾ, ತಳ ಹತ್ತಿತೇನ ನೋಡು” ಅಂದರೆ ಇಳಿಸುತ್ತಿದ್ದೆ. ನನ್ನನ್ನು ಹೊಗಳಲು ಬಂದೆ ಅಂದುಕೊಂಡು ಆಕೆ ಹೋಗುತ್ತಿದ್ದಳು.

ಉಳಿದದ್ದನ್ನು ಕೈ, ಕಣ್ಣು, ಕಿವಿಯೇ ಮಾಡುತ್ತಿದ್ದವು. ಕೋಳಿ ತೊಳೆದ ಮೇಲೆ ಅವಸರ ಮಾಡಬಾರದು, ತೂತಿನ ಬುಟ್ಟಿಯಲ್ಲಿ ಹಾಕಿ ನೀರು ಪೂರ್ತಿ ಸೋರಲು ಬಿಡಬೇಕು. ಒದ್ದೆ ತುಂಡಿಗೆ ಮಸಾಲೆ ಹಿಡಿಯುವುದಿಲ್ಲ, ಜಾರಿ ತಳಕ್ಕೆ ಇಳಿಯುತ್ತದೆ. ತೊಡೆಯ ತುಂಡಿಗೆ ಚಾಕುವಿನಿಂದ ಎರಡೆರಡು ಗೀರು ಹಾಕಬೇಕು. ಮೊದಲು ಹಚ್ಚುವುದು ಉಪ್ಪು ಮತ್ತು ಅರಿಸಿನ, ಅಷ್ಟೇ. ಅದನ್ನು ಅರ್ಧ ತಾಸು ಸುಮ್ಮನೆ ಬಿಡಬೇಕು. ಮೊದಲೇ ಎಣ್ಣೆ ಸುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೈತುಂಬ ಎಣ್ಣೆ ಹಚ್ಚಿಕೊಂಡ ತುಂಡಿನೊಳಗೆ ಉಪ್ಪು ಹೋಗುವುದು ಹೇಗೆ? ಎಣ್ಣೆ ಕಡೆಗೆ, ಎಲ್ಲ ಹಚ್ಚಿ ಮುಗಿದ ಮೇಲೆ, ಒಂದೇ ಚಮಚ.

ಉಪ್ಪು ಹಿಡಿದ ಮೇಲೆ ಮೊಸರು. ಅದನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿರಬೇಕು, ಹುಳಿ ಏರಿರಬಾರದು. ಹಸಿಶುಂಠಿ, ಬೆಳ್ಳುಳ್ಳಿಯನ್ನು ಒರಳಿನಲ್ಲೇ ಕುಟ್ಟಬೇಕು, ಮಿಕ್ಸಿಯಲ್ಲಿ ನೀರು ಹಾಕಿ ತಿರುವಿದರೆ ಅದು ಅಂಬಲಿಯಾಗುತ್ತದೆ. ಖಾರದ ಪುಡಿ ಎರಡು ಬಗೆ: ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು. ಧನಿಯಾ, ಗಸಗಸೆ, ಒಣಕೊಬ್ಬರಿ, ನಾಲ್ಕು ಲವಂಗ, ಒಂದು ತುಂಡು ಚಕ್ಕೆ, ಒಂದಿಷ್ಟು ಕಲ್ಲುಹೂವು ಬೇರೆ ಬೇರೆ ಹುರಿದು ಒಟ್ಟಿಗೆ ಪುಡಿ ಮಾಡಿದ್ದು. ನಿಂಬೆ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಹಿಂದಿನ ದಿನವೇ ಹಿಂಡಿದರೆ ಮಾಂಸ ಹಿಟ್ಟು ಹಿಟ್ಟಾಗುತ್ತದೆ. ಫಾರಂ ಕೋಳಿಗೆ ಎರಡು ತಾಸು ನೆನೆದರೆ ಸಾಕು, ನಾಟಿ ಕೋಳಿಗೆ ಮಾತ್ರ ಸಂಜೆ ಹಚ್ಚಿದರೆ ಮರುದಿನ ಬೆಳಿಗ್ಗೆ. ಒಲೆಯ ಮೇಲೆ ಇಟ್ಟ ಮೇಲೆ ನೀರು ಹಾಕದೆ, ತಾಟು ಮುಚ್ಚಿ, ಅದರ ನೀರಿನಲ್ಲೇ ಅದನ್ನು ಬೇಯಲು ಬಿಡಬೇಕು. ಮೊದಲು ಗೊಳಗೊಳ ಅನ್ನುವುದು ಆಮೇಲೆ ಚರಚರ ಅನ್ನುತ್ತದೆ, ಎಣ್ಣೆ ಅಂಚಿಗೆ ಬಂದು ನಿಲ್ಲುತ್ತದೆ. ಇದಕ್ಕೆಲ್ಲ ಮೂಗು ಬೇಡ.

ಮೂಗು ಬೇಕಾದದ್ದು ಒಂದೇ ಒಂದಕ್ಕೆ. ಮಾಂಸ ಕೆಟ್ಟಿದೆಯೋ ಇಲ್ಲವೋ ಅನ್ನುವುದಕ್ಕೆ. ಹಸಿ ಮಾಂಸವಾದರೆ ಬಣ್ಣ ನೋಡಿ, ಬೆರಳಿಗೆ ಅಂಟುತ್ತದೆಯೋ ಅಂತ ಮುಟ್ಟಿ ತಿಳಿಯಬಹುದು. ಮಸಾಲೆ ಹಚ್ಚಿದ ಮೇಲೆ ಬಣ್ಣ ಖಾರದ್ದು, ಅಂಟು ಮೊಸರಿನದ್ದು, ಹುಳಿಯೂ ಮೊಸರಿನದ್ದೇ. ನಾನು ಇಷ್ಟು ಅಕ್ಕರೆಯಿಂದ ಹಚ್ಚುವ ಮಸಾಲೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆ ಭಾನುವಾರದ ತನಕ ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಮಗಳನ್ನು ಗೋನೆಗಂಡ್ಲದ ಒಂದು ತೆಲುಗು ಮನೆಗೆ ಕೊಟ್ಟಿದ್ದೇವೆ. ನಮ್ಮ ಕಡೆ ಇದೇನು ಹೊಸದಲ್ಲ. ಅಂಗಡಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ, ಜಗಳ ಎರಡರಲ್ಲೂ. ಬೀಗರು ಆಲೂರು ಕಡೆಯ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಮನೆಯಲ್ಲಿ ಆಡುವುದು ತೆಲುಗು, ನಮ್ಮ ಜೊತೆ ಮಾತ್ರ ಪುಸ್ತಕದ ಕನ್ನಡ. “ತಂಗೀ, ತಮ್ಮ ಆರೋಗ್ಯ ಹೇಗಿದೆ?” ಅಂತ ಕೇಳಿದರೆ ನಾನು ಸೆರಗು ಸರಿಮಾಡಿಕೊಂಡು ನಿಲ್ಲಬೇಕು, ಹಾಗೆ. ಮದುವೆಯ ದಿನ ಮಗಳ ಜಡೆಯ ಮಲ್ಲಿಗೆ ನೋಡಿ ಅವರು “ಆಹಾ, ಎಂಥ ಕಂಪು!” ಅಂದಿದ್ದರು. ಅಷ್ಟಕ್ಕೇ ಅವರ ಕಡೆಯ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು, ಎಲ್ಲಿ ಏನು ಸತ್ತಿದೆ ಅಂತ ಮಂಟಪದ ಕೆಳಗೆ ಬಗ್ಗಿ ನೋಡಿದರು. ಕನ್ನಡ ಓದಿದವರಿಗೆ ಕಂಪು ಅಂದರೆ ಪರಿಮಳ. ತೆಲುಗಿನಲ್ಲಿ ಕಂಪು ಅಂದರೆ ನಾತ. ಅವತ್ತು ನಕ್ಕು ನಕ್ಕು ನನಗೆ ಹೊಟ್ಟೆನೋವು ಬಂದಿತ್ತು.

ಮಗಳಿಗೆ ಮೊದಲನೆಯ ಬಸುರು ಮೂರು ತಿಂಗಳಿಗೇ ಹೋಯಿತು. ಅವತ್ತಿನಿಂದ ಆಕೆಯ ಫೋನ್ ಬಂದರೆ ಸಾಕು, ಹಲೋ ಅನ್ನುವ ಮೊದಲು ‘ಆರಾಮ ಅದೀಯೇನ?’ ಅಂತ ಕೇಳುತ್ತಿದ್ದೆ. ಎರಡನೆಯದು ನಿಂತಿತು. ಐದು ತಿಂಗಳಾಯಿತು, ಆರಾಯಿತು. ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಂತೆ: ಹೊರಗಿನದು ತಿನ್ನಬೇಡ, ಹಳಸಿದ್ದು ಮುಟ್ಟಬೇಡ, ವಾಂತಿ ಭೇದಿ ಆಗಲು ಬಿಡಬೇಡ, ಈ ಸಲ ಮೈ ತಡೆಯುವುದಿಲ್ಲ. ಏಳರಲ್ಲಿ ಒಂದು ಭಾನುವಾರ ಬೀಗರು ಆಕೆಯನ್ನು ನಮ್ಮ ಮನೆಗೆ ಕರೆತಂದು ಬಿಡುವುದು ಅಂತ ಮಾತಾಗಿತ್ತು.

“ಬಯಕಿ ಏನೈತವ್ವ?” ಅಂತ ಅದರ ಹಿಂದಿನ ವಾರ ಫೋನಿನಲ್ಲಿ ಕೇಳಿದೆ.

“ಎಲ್ಲಾ ವಾಸನಿ ಬರತೈತವ್ವ. ಸೋಪು, ಅನ್ನ, ಮಂದಿ ಸೀರಿ, ಎಲ್ಲಾ. ಮೂಗು ಹೋದರ ಸಾಕಾಗೈತಿ ನೋಡು,” ಅಂದಳು. ನಾನು ನನ್ನ ಮೂಗು ಮುಟ್ಟಿಕೊಂಡೆ. “ನಿನ್ನ ಕೈಯ್ಯಾಗಿನ ಕೋಳಿ ಒಂದು ಉಣ್ಣಬೇಕು ಅನಸತೈತಿ. ನಾಟಿ ಕೋಳಿ. ಮೊದಲ ಮಾಡತಿದ್ದೆಲ್ಲ, ಹಂಗ.”

ಬಸುರಿಯ ಬಯಕೆ, ಅದೂ ತಾಯಿಯ ಕೈಯಡುಗೆ. ಇಲ್ಲ ಅನ್ನುವ ಪ್ರಶ್ನೆಯೇ ಇಲ್ಲ. ಆದರೆ ಆ ವಾರವೇ ಯಾವುದೋ ಕೋಳಿ ರೋಗದ ಸುದ್ದಿ ಹಬ್ಬಿ ಆದೋನಿಯಲ್ಲಿ ಕೋಳಿ ಅಂಗಡಿಗಳ ಬಾಗಿಲು ಎಳೆದಿದ್ದರು. ನಾನು ಆಲೂರಿನ ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನು ಶನಿವಾರ ಮಧ್ಯಾಹ್ನ ತನ್ನ ಹಿತ್ತಲಲ್ಲೇ ಆಡಿ ಬೆಳೆದ ಹುಂಜ ತಂದು, ಕೊಯ್ದು ಕೊಟ್ಟು, ಚಹಾ ಕುಡಿದು ಹೋದ. ಸಂಜೆ ನಾಲ್ಕಕ್ಕೆ ಉಪ್ಪು ಅರಿಸಿನ ಹಚ್ಚಿದೆ, ನಾಲ್ಕೂವರೆಗೆ ಮಸಾಲೆ. ಒಂದೊಂದು ತುಂಡನ್ನೂ ಕೈಯಲ್ಲಿ ಹಿಡಿದು, ಗೀರಿನೊಳಗೆ ಬೆರಳಿನಿಂದ ತುಂಬಿ, ಸ್ಟೀಲಿನ ಡಬರಿಯಲ್ಲಿ ಜೋಡಿಸಿ ಫ್ರಿಜ್ಜಿನಲ್ಲಿ ಇಟ್ಟೆ. ಪಕ್ಕದ ಮನೆಯಾಕೆ ಯಾವುದೋ ಮದುವೆಗೆ ಅಂತ ಮದ್ದಿಕೇರಕ್ಕೆ ಹೋಗಿದ್ದಳು. ಬೇಯಿಸುವಾಗ ಯಾರನ್ನು ಕರೆಯಲಿ ಅಂತ ಒಂದು ಕ್ಷಣ ಅನಿಸಿತು. ಇರಲಿ, ನಾಳೆ ಬೆಂಕಿ ಸಣ್ಣ ಇಟ್ಟುಕೊಂಡರಾಯಿತು ಅಂದುಕೊಂಡೆ.

ಬೆಳಿಗ್ಗೆ ಎದ್ದಾಗ ಫ್ಯಾನ್ ನಿಂತಿತ್ತು. ಶಿವರಾತ್ರಿ ಮುಗಿದು ಬಿಸಿಲು ಏರಿದ್ದ ದಿನಗಳು, ಮೈಯೆಲ್ಲ ಬೆವರು. ಮಾಳಿಗೆಯ ಮೇಲೆ ಮಲಗಿದ್ದ ನಮ್ಮ ಮನೆಯವರು ಹಾಸಿಗೆ ಸುತ್ತಿಕೊಂಡು ಇಳಿದು ಬಂದರು.

“ಕರೆಂಟ್ ಯಾವಾಗ ಹೋತು?”

“ನನಗೇನ ಗೊತ್ತು? ಮ್ಯಾಲ ಗಾಳಿ ಚಲೋ ಇತ್ತು.”

ಫ್ರಿಜ್ಜಿನ ಬಾಗಿಲು ತೆಗೆದೆ. ತಣ್ಣನೆಯ ಗಾಳಿ ಮುಖಕ್ಕೆ ಬರಲಿಲ್ಲ. ಮೇಲೆ ಐಸಿನ ತಟ್ಟೆಯಲ್ಲಿ ನೀರಿತ್ತು, ಬೆರಳು ಇಟ್ಟರೆ ಕೊಡದ ನೀರಿನಷ್ಟೂ ತಂಪಿಲ್ಲ. ಡಬರಿಯ ಮುಚ್ಚಳ ತೆಗೆದು ಕೈ ಹಾಕಿದೆ. ತಣ್ಣಗೂ ಇಲ್ಲ, ಬಿಸಿಯೂ ಇಲ್ಲ, ಮೈಯಷ್ಟೇ ಇತ್ತು. ಮುಖ ಬಗ್ಗಿಸಿ ಜೋರಾಗಿ ಉಸಿರು ಎಳೆದೆ. ಏನೂ ಇಲ್ಲ. ಮತ್ತೆ ಎಳೆದೆ. ಆ ಜ್ವರ ಬಂದಾಗಿನಿಂದ ಎಷ್ಟೋ ಸಲ ಹೀಗೆ ಬಗ್ಗಿದ್ದೇನೆ, ಬೇಜಾರಾಗಿದೆ, ಅಳು ಬಂದಿದೆ. ಹೆದರಿಕೆ ಆದದ್ದು ಅವತ್ತೇ ಮೊದಲು. ಅಲ್ಲೇ ಫ್ರಿಜ್ಜಿನ ಮುಂದೆ ಕೂತುಬಿಟ್ಟೆ.

ಚೆಲ್ಲಿಬಿಡು ಅಂತ ಒಳಗಿನಿಂದ ಯಾರೋ ಹೇಳಿದರು. ಚೆಲ್ಲಿದರೆ ನಮ್ಮ ಮನೆಯವರು ಯಾಕೆ ಅಂತ ಕೇಳುತ್ತಾರೆ. ಕೆಟ್ಟಿರಬಹುದು ಅಂದರೆ, ‘ಇರಬಹುದು ಅಂದರೇನ? ವಾಸನಿ ನೋಡಿದಿ ಇಲ್ಲ?’ ಅನ್ನುತ್ತಾರೆ. ಬೀಗರು ಬರುತ್ತಾರೆ, ಬಸುರಿ ಮಗಳು ಕೋಳಿ ಎಲ್ಲಿ ಅನ್ನುತ್ತಾಳೆ, ಊರಿನಲ್ಲಿ ಇನ್ನೊಂದು ಕೋಳಿ ಸಿಗುವುದಿಲ್ಲ. ಮತ್ತೆ, ಕೆಟ್ಟಿಲ್ಲದಿದ್ದರೆ? ಕರೆಂಟ್ ನಸುಕಿಗೆ ಹೋಗಿದ್ದರೆ? ಐಸು ಸಂಜೆಯೇ ಗಟ್ಟಿಯಾಗಿರದಿದ್ದರೆ? ಹೆದರಿದವರಿಗೆ ‘ಇದ್ದರೆ’ಗಳು ಎಷ್ಟು ಬೇಕಾದರೂ ಸಿಗುತ್ತವೆ. ನಾನು ಎಲ್ಲವನ್ನೂ ಹೆಕ್ಕಿಕೊಂಡು ಎದ್ದು ಒಲೆ ಹಚ್ಚಿದೆ. ಗಟ್ಟಿ ಬೇಯಿಸಿದರೆ ಏನಿದ್ದರೂ ಸಾಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು ಅಂತ ಗೊತ್ತಿತ್ತು. ಕೆಟ್ಟ ಮಾಂಸ ಎಷ್ಟು ಕುದಿಸಿದರೂ ಕೆಟ್ಟದ್ದೇ. ಇದೇ ಬಾಯಿಂದ ಎಷ್ಟು ಜನಕ್ಕೆ ಈ ಬುದ್ಧಿ ಹೇಳಿದ್ದೇನೆ ಲೆಕ್ಕವಿಲ್ಲ.

ಒಂದೂವರೆ ತಾಸು ಬೇಯಿಸಿದೆ. ಸದ್ದು ಸರಿಯಿತ್ತು, ಬಣ್ಣ ಸರಿಯಿತ್ತು, ಎಣ್ಣೆ ಅಂಚಿಗೆ ಬಂದು ನಿಂತಿತ್ತು. ಒಂದು ತುಂಡು ತೆಗೆದು ತಿಂದೆ. ಉಪ್ಪು ಸರಿ, ಖಾರ ಸರಿ, ಹುಳಿ ಒಂದು ಗುಂಜಿ ಜಾಸ್ತಿ. ನಿಂಬೆ ಇನ್ನೂ ಹಿಂಡಿರಲಿಲ್ಲ. ಮೊಸರೇ ಹುಳಿಯಿತ್ತೋ ಏನೋ, ಅಲ್ಲ, ನಿನ್ನೆ ನಾನೇ ನೆಕ್ಕಿ ನೋಡಿದ್ದೆನಲ್ಲ, ಸಿಹಿ ಮೊಸರು. ನೀರು ಕುಡಿದು ತುಂಡು ನುಂಗಿದೆ. ಏನಾದರೂ ಆಗುವುದಿದ್ದರೆ ನನಗೇ ಮೊದಲು ಆಗಲಿ ಅಂತ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದೆ. ನಮ್ಮ ಮನೆಯವರು ಸ್ನಾನ ಮುಗಿಸಿ ಬಂದು, ಡಬರಿ ನೋಡಿ, “ಭಾರಿ ಆಗೈತಲ್ಲ” ಅಂದರು. ಅವರಿಗೆ ಕಾಣಿಸಿದ್ದು ಬಣ್ಣ. ಆ ನಶ್ಯದ ಡಬ್ಬಿ ಕಿತ್ತು ಬಾವಿಗೆ ಎಸೆಯಬೇಕು ಅನ್ನುವಷ್ಟು ಸಿಟ್ಟು ಬಂತು.

ಹನ್ನೊಂದಕ್ಕೆ ಆಟೋ ನಿಂತಿತು. ಮೊದಲು ಬೀಗರು ಇಳಿದರು, ಆಮೇಲೆ ಬೀಗತಿ, ಆಮೇಲೆ ಇಬ್ಬರ ಕೈ ಹಿಡಿದುಕೊಂಡು ನನ್ನ ಮಗಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಸಣ್ಣಗಾಗಿತ್ತು, ಕೈತುಂಬ ಹಸಿರು ಗಾಜಿನ ಬಳೆ. ನಾನು ಬಾಗಿಲಲ್ಲಿ ಚೆಂಬು ಹಿಡಿದು ನಿಂತಿದ್ದೆ. ಬೀಗರು ಗೇಟಿನ ಒಳಗೆ ಬಂದು, ಕಾಲು ತೊಳೆಯಲು ನಲ್ಲಿಯ ಕಡೆ ತಿರುಗಿ, ನನಗೆ ಬೆನ್ನು ಮಾಡಿ ಬಗ್ಗಿದರು. ಬಗ್ಗಿದವರು ಅಂದರು:

“ಅಬ್ಬಬ್ಬಾ! ಕಂಪು!”

ಅಷ್ಟೇ. ಹಿಂದೆ ಮುಂದೆ ಇನ್ನೊಂದು ಮಾತಿಲ್ಲ. ಅಬ್ಬಬ್ಬಾ ಅನ್ನುವುದಕ್ಕೆ ಕನ್ನಡವೂ ಒಂದೇ, ತೆಲುಗೂ ಒಂದೇ. ಅವರ ಮುಖ ನನಗೆ ಕಾಣಲಿಲ್ಲ. ಬೀಗತಿಯ ಕಡೆ ನೋಡಿದೆ. ಆಕೆ ಸೆರಗನ್ನು ಮೂಗಿಗೆ ಹಿಡಿದಿದ್ದರು. ಆಟೋದ ಧೂಳಿಗೋ, ಇನ್ನೊಂದಕ್ಕೋ?

ಕೇಳಬಹುದಿತ್ತು. ‘ಅಣ್ಣಾರ, ಏನಂದ್ರಿ?’ ಅಂತ ಕೇಳಲು ಎಷ್ಟು ಹೊತ್ತು? ಆದರೆ ಕೇಳಿದರೆ, ನಿನಗೆ ಮೂಗಿಲ್ಲವೇ ಅನ್ನುತ್ತಾರೆ. ಮೂಗಿದ್ದವರು ಯಾರಾದರೂ ಆ ಮಾತು ಕೇಳುತ್ತಾರೆಯೇ? ನಾನು ಹಲ್ಲು ಬಿಟ್ಟು, “ಬರ್ರಿ ಬರ್ರಿ, ಒಳಗ ಬರ್ರಿ” ಅಂದೆ. ಅವರು ಒರೆಸಿಕೊಳ್ಳುತ್ತ ತಿರುಗಿದಾಗ ಮುಖದಲ್ಲಿ ನಗು ಇತ್ತು. ಮೇಷ್ಟ್ರ ನಗು. ಅದು ಎಲ್ಲದಕ್ಕೂ ಇರುತ್ತದೆ. “ತಂಗೀ, ತಾವು ಬಹಳ ಶ್ರಮ ತೆಗೆದುಕೊಂಡಿದ್ದೀರಿ,” ಅಂದರು. ಪರಿಮಳ ಅಂತಲೇ ಅಂದಿರಬೇಕು ಅಂತ ಒಂದು ಹೆಜ್ಜೆ ಇಟ್ಟೆ. ನಾತ ಅಂದಿರಬೇಕು ಅಂತ ಇನ್ನೊಂದು. ಅಡುಗೆಮನೆಗೆ ಹೋಗುವಷ್ಟರಲ್ಲಿ ಎರಡನ್ನೂ ಹತ್ತು ಸಲ ನಂಬಿದ್ದೆ.

ಊಟಕ್ಕೆ ಕೂತರು. ಮೊದಲ ತುತ್ತು ಬಸುರಿಯದು, ಅವಳು ಬಾಯಿಗೆ ಇಟ್ಟ ಮೇಲೆಯೇ ಉಳಿದವರು ಕೈ ಹಾಕುವುದು. ನಮ್ಮಲ್ಲಿ ಹಾಗೆ. ಮಗಳ ತಾಟಿಗೆ ಜೋಳದ ರೊಟ್ಟಿ ಹಾಕಿದೆ, ಪಕ್ಕದಲ್ಲಿ ಎರಡು ತುಂಡು. ಸೌಟು ತಾಟಿಗೆ ಬಡಿದು ಟಣ್ ಅಂತು. ಎಲ್ಲರೂ ತಾಟು ಮುಂದಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಬೀಗರು ಕನ್ನಡಕ ತೆಗೆದು ಒರೆಸುತ್ತಿದ್ದರು. ಬೀಗತಿ ತನ್ನ ತಾಟಿನ ಅಂಚನ್ನು ಬೆರಳಿನಿಂದ ಸುತ್ತ ಸವರುತ್ತಿದ್ದರು. ಯಾರೂ ‘ಘಮ’ ಅನ್ನಲಿಲ್ಲ. ನನ್ನ ಮನೆಯಲ್ಲಿ ಕೋಳಿಯ ಡಬರಿ ತೆಗೆದಾಗ ಯಾರೂ ಏನೂ ಅನ್ನದೆ ಕೂತದ್ದು ನಾನು ಅದೇ ಮೊದಲು ಕಂಡದ್ದು.

ಮಗಳು ನನ್ನ ಮುಖ ನೋಡಿದಳು. ನಕ್ಕಳು. ರೊಟ್ಟಿ ಮುರಿದು, ಮಾಂಸ ಬಿಡಿಸಿ, ಮಸಾಲೆಯಲ್ಲಿ ಅದ್ದಿ ಎತ್ತಿದಳು.

“ಬ್ಯಾಡ!”

ಆ ದನಿ ನನ್ನದೇ ಅಂತ ನನಗೆ ಆಮೇಲೆ ಗೊತ್ತಾಯಿತು. ಸೌಟು ಬಿಟ್ಟು ಅವಳ ಮುಂಗೈ ಹಿಡಿದುಬಿಟ್ಟಿದ್ದೆ. ಎಷ್ಟು ಬಿಗಿಯಾಗಿ ಅಂದರೆ ಎರಡು ಬಳೆ ಒಡೆದು ತಾಟಿನಲ್ಲಿ ಬಿದ್ದವು. “ಅಯ್ಯೋ ದೇವುಡಾ!” ಅಂತ ಬೀಗತಿ ಎದೆಗೆ ಕೈ ಹಚ್ಚಿಕೊಂಡರು. ಬಸುರಿಯ ಕೈಯ ಬಳೆ ತಾಯಿಯೇ ಒಡೆಯುವುದು ಅಂದರೆ ಎಂಥ ಅಪಶಕುನ, ನನಗೆ ಗೊತ್ತಿಲ್ಲವೇ? ನಮ್ಮ ಮನೆಯವರು “ಏ, ಹುಚ್ಚು ಹಿಡದೈತೇನ ನಿನಗ?” ಅಂತ ಎದ್ದು ನಿಂತರು. ನಾನು ಕೈ ಬಿಡಲಿಲ್ಲ. ಬೀಗರ ಕಡೆ ತಿರುಗಿದೆ.

“ಅಣ್ಣಾರ, ನಿಮ್ಮ ಕಾಲು ಹಿಡಕೋತೀನಿ, ಖರೆ ಹೇಳ್ರಿ. ಗೇಟಿನಾಗ ನೀವು ಕಂಪು ಅಂದ್ರೆಲ್ಲ, ಅದು ಕನ್ನಡದಾಗ ಅಂದ್ರೋ, ತೆಲುಗಿನಾಗ ಅಂದ್ರೋ?”

ಯಾರಿಗೂ ಅರ್ಥವಾಗಲಿಲ್ಲ. ಆಗ ಹೇಳಿದೆ. ಜ್ವರ ಬಂದದ್ದು, ಮೂಗು ಹೋದದ್ದು, ಕರೆಂಟ್ ಹೋದದ್ದು, ಐಸು ನೀರಾದದ್ದು, ಎಲ್ಲ ಒಂದೇ ಉಸಿರಿನಲ್ಲಿ. ಹೇಳುತ್ತ ಹೇಳುತ್ತ ಅಳುತ್ತಿದ್ದೆ, ಅಳುತ್ತ ಅಳುತ್ತ ಬೈಯುತ್ತಿದ್ದೆ. ಯಾರನ್ನು ಬೈದೆನೋ ದೇವರಿಗೇ ಗೊತ್ತು.

ಬೀಗರು ಕನ್ನಡಕ ಹಾಕಿಕೊಂಡರು. “ಕನ್ನಡದಲ್ಲೇ ತಂಗೀ,” ಅಂದರು. “ಕನ್ನಡದಲ್ಲೇ ಹೇಳಿದ್ದು. ಬಹಳ ಒಳ್ಳೆಯ ಪರಿಮಳ.” ಬೇಗ ಹೇಳಿದರು. ತುಂಬ ಬೇಗ ಹೇಳಿದರು.

“ಏಂ ಅಬದ್ಧಾಲು!” ಅಂತ ಬೀಗತಿ ಗಂಡನ ಮೇಲೆ ಹರಿಹಾಯ್ದರು. ಏನು ಸುಳ್ಳು ಇದು, ಅಂತ. ಆಮೇಲೆ ನನ್ನ ಕಡೆ ತಿರುಗಿದರು. “ವದಿನಾ, ಅವರು ತೆಲುಗುಲೋನೇ ಅಂದಾರ. ನನಗೂ ಗೇಟಿನಾಗ ಬಂತು. ಬೀಗರ ಮನ್ಯಾಗ ಹೆಂಗ ಹೇಳೋದು ಅಂತ ಸುಮ್ಮನಾದ್ವಿ.” ಆಕೆ ಎದ್ದು, ಮಗಳ ಮುಂದಿನ ತಾಟು ಎತ್ತಿಕೊಂಡು, ಒಡೆದ ಬಳೆಯ ಸಮೇತ ಹಿತ್ತಲಿಗೆ ಹೋದರು. ಡಬರಿಯನ್ನೂ ಒಯ್ದರು. ಬಂದು ಸೆರಗು ಸಿಕ್ಕಿಸಿ, ನನ್ನ ಅಡುಗೆಮನೆಯಲ್ಲಿ ನನ್ನನ್ನು ಕೇಳದೆ ಮೊಟ್ಟೆ ಹುಡುಕಿ ಒಲೆ ಹಚ್ಚಿದರು. ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ಅವತ್ತು ನಾನು ಗೋಡೆಗೆ ಒರಗಿ ಕೂತು, ಮಗಳ ಬಾಯಿಗೆ ಒಂದು ಎಳೆಯಾದರೂ ಹೋಯಿತೇ ಅಂತ ಅವಳ ತುಟಿಯನ್ನೇ ನೋಡುತ್ತಿದ್ದೆ.

ಬೆಳಿಗ್ಗೆ ನಾನು ತಿಂದಿದ್ದ ಆ ಒಂದು ತುಂಡು ಸಾಯಂಕಾಲಕ್ಕೆ ತನ್ನ ಗುಣ ತೋರಿಸಿತು. ವಾಂತಿ, ಭೇದಿ, ಮೈ ಚಳಿ. ಬಚ್ಚಲಿಗೆ ಹೋಗುವುದು, ಬರುವುದು, ಗೋಡೆ ಹಿಡಿದು ನಿಲ್ಲುವುದು. ಪ್ರತಿ ಸಲ ಹೊಟ್ಟೆ ಹಿಂಡಿದಾ‌ಗ ನನಗೆ ನೋವಿಗಿಂತ ಹೆಚ್ಚಾಗಿ, ಇದು ಅವಳಿಗೆ ಆಗಿದ್ದರೆ ಅನ್ನುವುದೇ ಬರುತ್ತಿತ್ತು. ನನ್ನಂಥ ಗಟ್ಟಿ ಹೆಂಗಸೇ ಹೀಗೆ ಮಡಿಚಿಕೊಂಡು ಬಿದ್ದರೆ, ಏಳು ತಿಂಗಳ ಆ ಹೊಟ್ಟೆ?

ಮರುದಿನ ಬೆಳಿಗ್ಗೆ ಮಗಳು ಗಂಜಿಯ ಬಟ್ಟಲು ತಂದು ಪಕ್ಕದಲ್ಲಿ ಕೂತಳು. ಬೀಗರು ಹೋಗಿದ್ದರು. ಗಂಜಿಗೆ ಉಪ್ಪು ಜಾಸ್ತಿಯಾಗಿತ್ತು, ಹೇಳಲಿಲ್ಲ.

“ಸೋಪು ವಾಸನಿ, ಅನ್ನ ವಾಸನಿ, ಎಲ್ಲಾ ಬರತೈತಿ ಅಂತಿದ್ದಿ,” ಅಂದೆ. “ಇದು ನಿನಗ ಬರಲಿಲ್ಲೇನ?”

ಅವಳು ಚಮಚ ತಿರುವಿದಳು. “ಆಟೋದಾಗಿಂದ ಇಳಿಯೂಮುಂದನ ಬಂತವ್ವ.”

“ಮತ್ತ ತುತ್ತು ಯಾಕ ಎತ್ತಿದಿ?”

“ನೀ ಮಾಡಿದ್ದಲ್ಲ. ಅತ್ತಿ ಮಾವ ಕುಂತಿದ್ದರು. ಎಲ್ಲಾರ ಮುಂದ ನಿನ್ನ ತಾಟು ಹೆಂಗ ತಳ್ಳಲಿ?”

ನಾನು ಇಷ್ಟು ವರ್ಷ ಹೆದರಿದ್ದು ನನ್ನ ಮೂಗಿಗೆ. ಹೆದರಬೇಕಾಗಿದ್ದದ್ದು ಇದಕ್ಕೆ. ನಾನು ಹೇಳಲಾರದೆ ಬಡಿಸಿದೆ, ಅವಳು ಹೇಳಲಾರದೆ ಎತ್ತಿದಳು. ತುತ್ತಿಗೂ ಅವಳ ಬಾಯಿಗೂ ನಡುವೆ ಗೇಣಿನಷ್ಟು ಜಾಗವೂ ಇರಲಿಲ್ಲ. ಅವಳ ಕೈ ಎಳೆದುಕೊಂಡೆ. ಒಡೆದ ಬಳೆ ಗೀಚಿದ ಗೆರೆ ಮುಂಗೈಯಲ್ಲಿ ಕೆಂಪಗೆ ಇತ್ತು.

“ಇನ್ನ ಮ್ಯಾಲ ತಳ್ಳಬೇಕು,” ಅಂದೆ. “ಯಾರ ತಾಟು ತಳ್ಳದಿದ್ರೂ, ನನ್ನ ತಾಟು ತಳ್ಳಬೇಕು. ಎಲ್ಲಾರ ಮುಂದ. ತಿಳೀತೇನ?”

“ಹೂಂ,” ಅಂದಳು, ನನ್ನ ಮುಖ ನೋಡದೆ. “ಗಂಜಿ ಕುಡಿ. ಉಪ್ಪು ಸರಿ ಐತಿ?”

“ಸರಿ ಐತವ್ವ,” ಅಂದುಬಿಟ್ಟೆ.